ಬೇಲಿಯೊಳಗಿನ ಲೆಕ್ಕ: ಓಲ್ ಪೆಜೆಟಾ ವನ್ಯಧಾಮ ನಡೆಯುವ ಬಗೆ

(ವನ್ಯಜೀವಿ ಆಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಪುನರುಕ್ತಿಯಾದದ್ದನ್ನು ತೆಗೆದು, ಅವಸರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ.)

ಕೀನ್ಯಾ ದೇಶದ ಲೈಕಿಪಿಯಾ ಪ್ರಸ್ಥಭೂಮಿಯಲ್ಲಿ, ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರು ದೂರದ ನಾನ್ಯುಕಿ ಪಟ್ಟಣದ ಹತ್ತಿರ, ಸಮಭಾಜಕ ವೃತ್ತ ಹಾದುಹೋಗುವ ಜಾಗದಲ್ಲಿ ಓಲ್ ಪೆಜೆಟಾ ಎಂಬ ವನ್ಯಧಾಮವಿದೆ. ಅದರ ವಿಸ್ತೀರ್ಣ ಸುಮಾರು 90,000 ಎಕರೆ, ಎಂದರೆ 360 ಚದರ ಕಿಲೋಮೀಟರು. ಸುತ್ತಲೂ ವಿದ್ಯುತ್ ಹರಿಯುವ ತಂತಿಬೇಲಿ ಇದೆ. ಆದರೆ ಉತ್ತರದ ಗಡಿಯಲ್ಲಿ ಕೆಲವು ಕಡೆ ಆ ತಂತಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಅಲ್ಲಿ ಬೇಲಿಯ ಬದಲು ಮೋಟು ಗೂಟಗಳನ್ನು ಒತ್ತೊತ್ತಾಗಿ, ಸಾಲು ಸಾಲಾಗಿ ನೆಟ್ಟಿದ್ದಾರೆ. ಆನೆ ಅವುಗಳ ನಡುವೆ ಕಾಲಿಟ್ಟು ದಾಟಿಹೋಗುತ್ತದೆ; ಜೀಬ್ರಾ, ಸಿಂಹ, ಕತ್ತೆಕಿರುಬಗಳು ದಾರಿ ಮಾಡಿಕೊಳ್ಳುತ್ತವೆ. ಘೇಂಡಾಮೃಗ ಮಾತ್ರ ನಿಲ್ಲುತ್ತದೆ. ಅಷ್ಟು ಭಾರದ ದೇಹ ಹೊತ್ತ ಆ ಪ್ರಾಣಿ ಕಾಲನ್ನು ಎತ್ತಿ ಎತ್ತಿ ಇಡುವುದಿಲ್ಲ, ನೆಲಕ್ಕೆ ಸವರಿದಂತೆ ನಡೆಯುತ್ತದೆ. ಗೂಟಗಳ ಆ ಸಾಲು ಅದಕ್ಕೆ ಗೋಡೆಯೇ ಆಗುತ್ತದೆ. ಯಾವ ಪ್ರಾಣಿ ಯಾವಾಗ ದಾಟಿತು ಎಂಬುದನ್ನು ಅಲ್ಲಿ ಅಳವಡಿಸಿದ ಕ್ಯಾಮೆರಾಗಳು ದಾಖಲಿಸುತ್ತವೆ.

ಇಂದಿನ ಮಾತಿಗೆ ಈ ಗೂಟಗಳನ್ನೇ ನಾನು ಮೊದಲಿಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವನ್ಯಧಾಮ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಪ್ರಾಣಿಗಳು. ಅದನ್ನು ನಡೆಸುವವರ ದಿನಚರಿಯಲ್ಲಿ ಬರುವುದು ಹುಲ್ಲು, ನೀರು, ಸಂಬಳ, ನೆರೆಯ ಹಳ್ಳಿ, ಮತ್ತು ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಮುಗಿಯದ ತೀರ್ಮಾನಗಳು. ಹಾಗೆ ತೆಗೆದುಕೊಂಡ ಒಂದೊಂದು ತೀರ್ಮಾನವೂ ಒಂದು ಊಹೆಯೇ. ಅಳೆದು ನೋಡದಿದ್ದರೆ ಅದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಆದ್ದರಿಂದ ಇಂಥ ಸಂಸ್ಥೆಗೆ ಸಂಶೋಧನೆ ಒಡವೆಯಲ್ಲ, ಅಂಗಡಿಯವನಿಗೆ ರೋಜುಪುಸ್ತಕ ಇದ್ದಂತೆ.

ನಮ್ಮಲ್ಲಿ ಬಂಡೀಪುರವಾಗಲಿ ನಾಗರಹೊಳೆಯಾಗಲಿ ಸರ್ಕಾರದ ಕಾಡು, ಅರಣ್ಯ ಇಲಾಖೆಯ ಆಡಳಿತ. ಖಾಸಗಿ ನೆಲದಲ್ಲಿ ವನ್ಯಧಾಮ ಎಂಬುದು ಕೊಡಗಿನ ಸಾಯಿ ಸ್ಯಾಂಕ್ಚುರಿಯಂಥ ಒಂದೆರಡು ಸಾಹಸಗಳಿಗೆ ಸೀಮಿತ. ಕೀನ್ಯಾದ ಲೆಕ್ಕ ಬೇರೆ. ಅಲ್ಲಿಯೂ ರಾಷ್ಟ್ರೀಯ ಉದ್ಯಾನಗಳು ಸರ್ಕಾರದವೇ, ಕಾಡುಪ್ರಾಣಿಗಳ ಮೇಲಿನ ಹಕ್ಕೂ ಸರ್ಕಾರದ್ದೇ. ಆದರೆ ಆ ದೇಶದ ವನ್ಯಜೀವಿಗಳಲ್ಲಿ ಸುಮಾರು ಮೂರನೆಯ ಎರಡರಷ್ಟು ಬದುಕುವುದು ಉದ್ಯಾನಗಳ ಹೊರಗೆ, ಖಾಸಗಿಯವರ ಅಥವಾ ಸಮುದಾಯಗಳ ನೆಲದಲ್ಲಿ. 1977ರಿಂದ 2016ರವರೆಗಿನ ವೈಮಾನಿಕ ಗಣತಿಗಳನ್ನು ಒಟ್ಟುಗೂಡಿಸಿ ನೋಡಿದವರು, ದೇಶದ ಹುಲ್ಲುಗಾವಲು ಪ್ರದೇಶಗಳಲ್ಲಿ ವನ್ಯಪ್ರಾಣಿಗಳ ಸಂಖ್ಯೆ ಸರಾಸರಿ ಶೇ. 68ರಷ್ಟು ಕುಸಿದಿದೆ ಎಂದು ತೋರಿಸಿದ್ದಾರೆ. ನೆಲದ ಒಡೆಯನಿಗೆ ಪ್ರಾಣಿಯಿಂದ ನಷ್ಟವೇ ಹೊರತು ಲಾಭವಿಲ್ಲ ಎಂದಾದರೆ ಆಗುವುದು ಇದೇ. 2013ರ ವನ್ಯಜೀವಿ ಕಾಯ್ದೆ ಖಾಸಗಿ ಮತ್ತು ಸಮುದಾಯ ಸಂರಕ್ಷಣಾ ಪ್ರದೇಶಗಳಿಗೆ ಕಾನೂನಿನ ಮಾನ್ಯತೆ ಕೊಟ್ಟದ್ದು ಈ ಹಿನ್ನೆಲೆಯಲ್ಲಿ.

ಓಲ್ ಪೆಜೆಟಾ ಮೂಲತಃ ವಸಾಹತು ಕಾಲದ ದನಗಳ ರ‍್ಯಾಂಚ್. ಅದರ ಒಡೆಯರ ಪಟ್ಟಿಯಲ್ಲಿ ಬ್ರಿಟಿಷ್ ಪ್ರಭು ಡೆಲಮೇರ್ ಅವರಿಂದ ಹಿಡಿದು ಸೌದಿಯ ಶಸ್ತ್ರಾಸ್ತ್ರ ವ್ಯಾಪಾರಿ ಅದ್ನಾನ್ ಖಶೋಗ್ಗಿಯವರೆಗೆ ನಾನಾ ಬಗೆಯ ಜನರಿದ್ದಾರೆ. ಆ ಪಟ್ಟಿಗೂ ಹಿಂದೆ ಇನ್ನೊಂದು ಹೆಸರಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. 1904ರ ಒಪ್ಪಂದದಲ್ಲಿ ಬ್ರಿಟಿಷರು ಮಸಾಯಿ ಜನರಿಗೆ ಲೈಕಿಪಿಯಾವನ್ನು ಬಿಟ್ಟುಕೊಟ್ಟಿದ್ದರು. 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿಸಿ, ಅವರನ್ನು ದನಕರುಗಳ ಸಮೇತ ದಕ್ಷಿಣಕ್ಕೆ ಎಬ್ಬಿಸಿದರು. ಮಸಾಯಿಗಳು ನ್ಯಾಯಾಲಯಕ್ಕೆ ಹೋಗಿ ಸೋತರು. ಬರಗಾಲದಲ್ಲಿ ಪಶುಪಾಲಕರು ಬೇಲಿಯ ಆಚೆ ನಿಂತು ಒಳಗಿನ ಹುಲ್ಲನ್ನು ನೋಡುವಾಗ ಈ ನೆನಪೂ ಜೊತೆಯಲ್ಲಿರುತ್ತದೆ. 2017ರಲ್ಲಿ ಬರವೂ ಚುನಾವಣೆಯೂ ಒಟ್ಟಿಗೆ ಬಂದಾಗ ಲೈಕಿಪಿಯಾದ ಅನೇಕ ರ‍್ಯಾಂಚುಗಳಿಗೆ ಸಾವಿರಾರು ದನಗಳು ನುಗ್ಗಿದವು, ಗುಂಡು ಹಾರಿತು, ಜೀವಗಳು ಹೋದವು. ವನ್ಯಧಾಮದ ವ್ಯವಸ್ಥಾಪಕನ ಮೇಜಿನ ಮೇಲೆ ಈ ಇತಿಹಾಸ ದಿನವೂ ತೆರೆದೇ ಇರುತ್ತದೆ.

ರ‍್ಯಾಂಚು ವನ್ಯಧಾಮವಾದದ್ದು ಒಂದೇ ದಿನದಲ್ಲಲ್ಲ. ಕೀನ್ಯಾದಲ್ಲಿ 1970ರ ಸುಮಾರಿಗೆ 20,000ದಷ್ಟಿದ್ದ ಕಪ್ಪು ಘೇಂಡಾಮೃಗಗಳು 1980ರ ದಶಕದ ಕೊನೆಯ ಹೊತ್ತಿಗೆ ಕೊಂಬಿನ ಕಳ್ಳಬೇಟೆಯಿಂದ 400ಕ್ಕೂ ಕೆಳಗಿಳಿದಿದ್ದವು. ಚದುರಿಹೋದ ಒಂಟಿ ಪ್ರಾಣಿಗಳನ್ನು ಹಿಡಿದು, ಬೇಲಿ ಹಾಕಿ ಕಾವಲಿಟ್ಟ ಜಾಗಗಳಲ್ಲಿ ಒಟ್ಟುಗೂಡಿಸುವುದೊಂದೇ ದಾರಿ ಉಳಿದಿತ್ತು. ಅಂಥ ಜಾಗವಾಗಿ 1988ರಲ್ಲಿ ಈ ರ‍್ಯಾಂಚಿನ 24,000 ಎಕರೆಯನ್ನು ಸ್ವೀಟ್‌ವಾಟರ್ಸ್ ಎಂಬ ಹೆಸರಿನಲ್ಲಿ ಬೇರ್ಪಡಿಸಲಾಯಿತು. 1993ರಲ್ಲಿ, ಬುರುಂಡಿಯ ಅಂತರ್ಯುದ್ಧದಿಂದ ಪಾರುಮಾಡಿದ ಚಿಂಪಾಂಜಿಗಳಿಗೆ ಅಲ್ಲಿಯೇ ನದಿಯ ದಡದಲ್ಲಿ ಆಶ್ರಯಧಾಮ ತೆರೆದರು. ಚಿಂಪಾಂಜಿ ಕೀನ್ಯಾದ ಪ್ರಾಣಿಯಲ್ಲವಾದ್ದರಿಂದ ಅವು ಅಲ್ಲಿ ಮರಿ ಹಾಕದಂತೆ ನೋಡಿಕೊಳ್ಳುತ್ತಾರೆ. ಒಂದು ಬೇಲಿಯೊಳಗೆ ಸಂತಾನ ಹೆಚ್ಚಿಸುವ ಹೆಣಗಾಟ, ಪಕ್ಕದ ಬೇಲಿಯೊಳಗೆ ಸಂತಾನ ತಡೆಯುವ ಏರ್ಪಾಡು. 2004ರಲ್ಲಿ ಫೌನಾ ಅಂಡ್ ಫ್ಲೋರಾ ಇಂಟರ್‌ನ್ಯಾಷನಲ್ ಎಂಬ ಬ್ರಿಟಿಷ್ ಸಂರಕ್ಷಣಾ ಸಂಸ್ಥೆ, ಆರ್ಕಸ್ ಫೌಂಡೇಶನ್ ನೀಡಿದ ದೇಣಿಗೆಯಿಂದ ಇಡೀ ಆಸ್ತಿಯನ್ನು ಕೊಂಡು, ಮುಂದೆ ಅದನ್ನು ಕೀನ್ಯಾದ ಲಾಭರಹಿತ ಸಂಸ್ಥೆಯೊಂದರ ಕೈಗೆ ಒಪ್ಪಿಸಿತು.

ಲಾಭರಹಿತ ಎಂದರೆ ಹಣ ಗಳಿಸದ ಸಂಸ್ಥೆ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಉಳಿದ ಹಣವನ್ನು ಹಂಚಿಕೊಳ್ಳುವ ಪಾಲುದಾರರು ಇಲ್ಲ ಎಂದಷ್ಟೇ ಅದರ ಅರ್ಥ. ಕಾವಲುಗಾರರ ಸಂಬಳ, ಬೇಲಿಯ ರಿಪೇರಿ, ವಾಹನಗಳ ಡೀಸೆಲ್, ಪಶುವೈದ್ಯರ ಔಷಧಿ ಯಾವುದೂ ಪುಣ್ಯದಿಂದ ನಡೆಯುವುದಿಲ್ಲ. ಆಫ್ರಿಕಾದ ದಕ್ಷಿಣದ ಕೆಲವು ದೇಶಗಳಲ್ಲಿ ಹಣ ಕೊಟ್ಟು ಬೇಟೆಯಾಡುವವರಿಂದ ವನ್ಯಧಾಮಗಳಿಗೆ ಆದಾಯವಿದೆ. ಕೀನ್ಯಾ 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿರುವುದರಿಂದ ಆ ಬಾಗಿಲು ಮುಚ್ಚಿದೆ. ಉಳಿದದ್ದು ಪ್ರವಾಸಿಗರು, ದಾನಿಗಳು ಮತ್ತು ದನಗಳು. 2020ರ ಮಾರ್ಚಿನಲ್ಲಿ ವಿಮಾನಗಳು ನಿಂತಾಗ ಪ್ರವಾಸೋದ್ಯಮದ ಆದಾಯ ರಾತ್ರೋರಾತ್ರಿ ಒಣಗಿಹೋಯಿತು. ಕಳ್ಳಬೇಟೆಗಾರನಿಗೆ ಲಾಕ್‌ಡೌನ್ ಇಲ್ಲವಾದ್ದರಿಂದ ಖರ್ಚು ಮಾತ್ರ ಹಾಗೆಯೇ ಉಳಿಯಿತು. ಒಂದೇ ಬಾವಿಯ ನೀರನ್ನು ನಂಬಿದ ವನ್ಯಧಾಮಗಳು ಏನು ಪಾಡು ಪಟ್ಟವು ಎಂಬುದನ್ನು ಅಂದು ಆಫ್ರಿಕಾದಾದ್ಯಂತ ನೋಡಿದೆವು.

ದನಗಳ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ನನಗೆ ಈ ವನ್ಯಧಾಮದಲ್ಲಿ ಅತ್ಯಂತ ಕುತೂಹಲಕರವೆನಿಸಿದ ಭಾಗ ಇದೇ. ಸಿಂಹ, ಚಿರತೆ, ಕತ್ತೆಕಿರುಬಗಳಿರುವ ಅದೇ ಹುಲ್ಲುಗಾವಲಿನಲ್ಲಿ ಆರೇಳು ಸಾವಿರ ಬೋರಾನ್ ತಳಿಯ ದನಗಳು ಮೇಯುತ್ತವೆ. ಬೋರಾನ್ ಎಂದರೆ ನಮ್ಮ ಹಳ್ಳಿಕಾರ್, ಅಮೃತಮಹಲ್‌ಗಳಂತೆ ಬೆನ್ನ ಮೇಲೆ ಡುಬ್ಬವಿರುವ ದನ. ಬಿಸಿಲಿಗೂ ಒಣಹುಲ್ಲಿಗೂ ಜಗ್ಗುವುದಿಲ್ಲ. ಸಂಜೆಯಾಗುತ್ತಿದ್ದಂತೆ ದನಗಾಹಿಗಳು ಅವನ್ನು ಹೊಡೆದುಕೊಂಡು ಬಂದು ಬೋಮಾ ಎಂಬ ದೊಡ್ಡಿಯೊಳಗೆ ಕೂಡುತ್ತಾರೆ. ಹಿಂದೆ ಬೋಮಾ ಎಂದರೆ ಕಡಿದ ಜಾಲಿಮುಳ್ಳಿನ ಸುತ್ತುಬೇಲಿ. ಈಗ ಕಬ್ಬಿಣದ ಚೌಕಟ್ಟುಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸುವ ದೊಡ್ಡಿ. ಬೇಕಾದಾಗ ಕಳಚಿ ಬೇರೆಡೆಗೆ ಒಯ್ಯಬಹುದು. ದನಗಳು ಬೆದರಿ ನುಗ್ಗಿದರೂ ಅದು ಮುರಿಯುವುದಿಲ್ಲ, ಸಿಂಹಕ್ಕೆ ಒಳಗೆ ಹೋಗಲಾಗುವುದಿಲ್ಲ. ಸಿಂಹ ದನವನ್ನು ಕೊಲ್ಲದಿದ್ದರೆ ಮನುಷ್ಯ ಸಿಂಹಕ್ಕೆ ವಿಷವಿಡುವುದಿಲ್ಲ ಎಂಬುದು ಇದರ ಹಿಂದಿನ ಸರಳ ಲೆಕ್ಕ.

ದೊಡ್ಡಿಯನ್ನು ಆಗಾಗ ಸ್ಥಳಾಂತರಿಸುವುದರಲ್ಲಿ ಇನ್ನೊಂದು ಉಪಾಯವಿದೆ. ದನಗಳು ಅಲ್ಲಿ ಹಾಕಿದ ಸಗಣಿ, ಗಂಜಲಗಳಿಂದ ಆ ನೆಲ ಫಲವತ್ತಾಗಿ, ಮಳೆ ಬಿದ್ದ ಮೇಲೆ ಸುತ್ತಲಿನ ಪೊದೆಗಾಡಿನ ನಡುವೆ ದುಂಡಗೆ ಹಸಿರು ಬಯಲು ಮೂಡುತ್ತದೆ. ಜಿಂಕೆಯಂಥ ಇಂಪಾಲಾಗಳು, ಗಜೆಲ್‌ಗಳು ಅಲ್ಲಿಗೆ ಮೇಯಲು ಬಂದು ತಮ್ಮ ಹಿಕ್ಕೆಯನ್ನೂ ಸೇರಿಸುತ್ತವೆ. ಹೀಗಾಗಿ ದೊಡ್ಡಿ ಬಿಟ್ಟುಹೋಗಿ ದಶಕಗಳೇ ಕಳೆದರೂ ಆ ಬಯಲು ಬಯಲಾಗಿಯೇ ಉಳಿಯುತ್ತದೆ. ಹೊಲದಲ್ಲಿ ಕುರಿಮಂದೆ ನಿಲ್ಲಿಸಿ, ಕುರುಬರಿಗೆ ಕಾಳುಕಡಿ ಕೊಟ್ಟು ಗೊಬ್ಬರ ಪಡೆಯುವ ನಮ್ಮ ಬಯಲುಸೀಮೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಲಾಭ ಉಣ್ಣೆಹುಳುಗಳದ್ದು. ದನಗಳ ಮೈಗೆ ನಿಯಮಿತವಾಗಿ ಔಷಧಿ ಹೊಡೆಯುವುದರಿಂದ, ಅವು ಹುಲ್ಲಿನಲ್ಲಿ ಓಡಾಡುತ್ತ ಉಣ್ಣೆಗಳನ್ನು ಮೈಗೆ ಹತ್ತಿಸಿಕೊಂಡು ಸಾಯಿಸುತ್ತವೆ. ಕಾಡುಪ್ರಾಣಿಗಳಿಗೂ ಅಷ್ಟರಮಟ್ಟಿಗೆ ಕಾಟ ಕಡಿಮೆ.

ಆದರೆ ದನ ಮತ್ತು ಜೀಬ್ರಾ ಒಂದೇ ಹುಲ್ಲಿಗೆ ಬಾಯಿ ಹಾಕುವುದಿಲ್ಲವೇ? ಹಾಕುತ್ತವೆ. ಎಷ್ಟು, ಯಾವಾಗ ಎಂಬುದನ್ನು ಅಳೆದದ್ದು ಲೈಕಿಪಿಯಾದಲ್ಲಿಯೇ ಇರುವ ಇನ್ನೊಂದು ಲಾಭರಹಿತ ಸಂಸ್ಥೆಯಾದ ಎಂಪಾಲಾ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ 1995ರಿಂದ ಒಂದು ಪ್ರಯೋಗ ನಡೆಯುತ್ತಿದೆ. ತಲಾ 4 ಹೆಕ್ಟೇರಿನ 18 ತುಂಡು ನೆಲಗಳಿಗೆ ಬಗೆಬಗೆಯ ಬೇಲಿ: ಒಂದರಲ್ಲಿ ದನ ಮಾತ್ರ ಮೇಯುತ್ತವೆ, ಇನ್ನೊಂದರಲ್ಲಿ ಕಾಡುಪ್ರಾಣಿ ಮಾತ್ರ, ಮತ್ತೊಂದರಲ್ಲಿ ಎರಡೂ, ಕೆಲವಕ್ಕೆ ಆನೆ ಮತ್ತು ಜಿರಾಫೆಗಳಿಗೆ ಮಾತ್ರ ಪ್ರವೇಶವಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಪಕ್ಷದವರನ್ನು ಅರ್ಧರ್ಧ ಸರಿ ಎಂದಿತು. ಬೇಸಿಗೆಯಲ್ಲಿ ಕಾಡುಪ್ರಾಣಿಗಳ ಜೊತೆ ಮೇದ ದನಗಳು ಸೊರಗುತ್ತವೆ. ಮಳೆಗಾಲದಲ್ಲಿ ಮಾತ್ರ, ಜೀಬ್ರಾಗಳು ಒರಟು ಒಣಕಡ್ಡಿಗಳನ್ನು ತಿಂದು ತೆರವು ಮಾಡುವುದರಿಂದ, ಅವುಗಳ ಜೊತೆಯಲ್ಲಿ ಮೇದ ದನಗಳೇ ಹೆಚ್ಚು ತೂಕ ಗಳಿಸುತ್ತವೆ. "ದನ ಇರಬೇಕೋ ಬೇಡವೋ" ಎಂಬ ಪ್ರಶ್ನೆ ಹೀಗೆ "ಯಾವ ತಿಂಗಳಲ್ಲಿ ಎಷ್ಟು ದನ, ಎಲ್ಲಿ" ಎಂಬ ಪ್ರಶ್ನೆಯಾಗಿ ಬದಲಾಯಿತು. ವ್ಯವಸ್ಥಾಪಕನಿಗೆ ಕೆಲಸಕ್ಕೆ ಬರುವುದು ಎರಡನೆಯದು.

ಈಗ ಬೇಲಿ ತಡೆಯಲಾರದ ಒಂದು ಪ್ರಾಣಿಯ ವಿಷಯ.

ಆ ಪ್ರದೇಶದ ಕರಿಮಣ್ಣಿನ ಮೇಲೆ ಒಂದೇ ಜಾತಿಯ ಕುಳ್ಳು ಜಾಲಿಮರ ಮೈಲಿಗಟ್ಟಲೆ ಬೆಳೆಯುತ್ತದೆ. ಅದರ ಮುಳ್ಳುಗಳ ಬುಡ ಗೋಲಿಯಂತೆ ಊದಿಕೊಂಡಿರುತ್ತದೆ; ಆ ಟೊಳ್ಳು ಗೋಲಿಗಳಲ್ಲಿ ಇರುವೆಗಳು ತೂತು ಕೊರೆದು ಮನೆ ಮಾಡಿಕೊಂಡಿರುತ್ತವೆ. ಗಾಳಿ ಬೀಸಿದಾಗ ಆ ತೂತುಗಳು ಸಿಳ್ಳೆ ಹಾಕುವುದರಿಂದ ಅದಕ್ಕೆ ಸಿಳ್ಳೆಜಾಲಿ ಎನ್ನಬಹುದು. ಕೊಂಬೆಗೆ ಬೆರಳು ತಾಗಿಸಿದರೆ ಸಾಕು, ನೂರಾರು ಇರುವೆಗಳು ಬಾಲ ಎತ್ತಿಕೊಂಡು ಓಡಿಬಂದು ಕಚ್ಚುತ್ತವೆ. ಮರ ಅವಕ್ಕೆ ಮನೆಯನ್ನೂ ಮಕರಂದವನ್ನೂ ಕೊಡುತ್ತದೆ, ಅವು ಮರವನ್ನು ಕಾಯುತ್ತವೆ. ಸೊಂಡಿಲಿನೊಳಗೆ ಇರುವೆ ಹೊಕ್ಕರೆ ಆನೆಗೆ ತಡೆದುಕೊಳ್ಳಲಾಗುವುದಿಲ್ಲ. ಆದ್ದರಿಂದ ಇಷ್ಟೊಂದು ಆನೆಗಳಿದ್ದರೂ ಸಿಳ್ಳೆಜಾಲಿಯ ಕಾಡು ಉಳಿದುಕೊಂಡಿತ್ತು.

ಸುಮಾರು ಎರಡು ದಶಕಗಳ ಹಿಂದೆ ಅಲ್ಲಿಗೆ ದಪ್ಪತಲೆಯ ಇರುವೆ ಬಂತು. ಹಿಂದೂ ಮಹಾಸಾಗರದ ಯಾವುದೋ ದ್ವೀಪ ಇದರ ಮೂಲವೆನ್ನುತ್ತಾರೆ. ಮನುಷ್ಯರ ಸರಕು, ಸಸಿ, ಮಣ್ಣುಗಳ ಜೊತೆ ಜಗತ್ತೆಲ್ಲ ಹರಡಿದೆ. ಅದು ಮರವನ್ನು ಕಾಯುವುದಿಲ್ಲ. ಮರ ಕಾಯುವ ಇರುವೆಗಳನ್ನು ಮರಿಮೊಟ್ಟೆಗಳ ಸಮೇತ ತಿಂದು ಮುಗಿಸುತ್ತದೆ. ವರ್ಷಕ್ಕೆ ಸುಮಾರು 50 ಮೀಟರಿನಂತೆ ಅದರ ದಂಡು ಮುಂದೆ ಸರಿಯುತ್ತದೆ. ಡಗ್ಲಸ್ ಕಮಾರು ಎಂಬ ಕೀನ್ಯಾದ ಯುವ ವಿಜ್ಞಾನಿ ಮತ್ತು ಸಂಗಡಿಗರು ಓಲ್ ಪೆಜೆಟಾದಲ್ಲಿ ನಡೆಸಿದ ಅಧ್ಯಯನ 2024ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಇರುವೆ ಬಂದ ಜಾಗಗಳಲ್ಲಿ ಆನೆಗಳು ಮರಗಳನ್ನು ಮುರಿಯುವ ಪ್ರಮಾಣ 5ರಿಂದ 7 ಪಟ್ಟು ಹೆಚ್ಚಿತ್ತು. ಮರ ಹೋದಂತೆ ಬಯಲು ಬಿಚ್ಚಿಕೊಂಡಿತು. ಸಿಂಹಕ್ಕೆ ಮರೆ ಇಲ್ಲವಾಯಿತು. ಹೊಂಚು ಹಾಕುವ ಸಿಂಹ ಜೀಬ್ರಾಗಳಿಗೆ ದೂರದಿಂದಲೇ ಕಾಣತೊಡಗಿತು. 2003ರಲ್ಲಿ ಸಿಂಹಗಳು ಕೊಂದ ಪ್ರಾಣಿಗಳಲ್ಲಿ ಶೇ. 67ರಷ್ಟು ಜೀಬ್ರಾಗಳಿದ್ದವು, 2020ರ ಹೊತ್ತಿಗೆ ಅದು ಶೇ. 42ಕ್ಕೆ ಇಳಿಯಿತು. ಒಂದೂ ಇಲ್ಲದಿದ್ದ ಕಾಡೆಮ್ಮೆಯ ಪಾಲು ಅದೇ ಅವಧಿಯಲ್ಲಿ ಶೇ. 42ಕ್ಕೆ ಏರಿತು. ಸಿಂಹಗಳ ಸಂಖ್ಯೆ ಕುಸಿಯಲಿಲ್ಲ, ಅವು ಊಟ ಬದಲಾಯಿಸಿಕೊಂಡವು. ಆದರೆ ಕಾಡೆಮ್ಮೆಯನ್ನು ಕೆಡವುವುದು ಜೀಬ್ರಾವನ್ನು ಕೆಡವಿದಷ್ಟು ಸುಲಭವಲ್ಲ. ಅದರ ಕೋಡಿಗೆ ಸಿಂಹವೂ ಸಾಯುತ್ತದೆ.

ಈ ಅಧ್ಯಯನವನ್ನು ಓದಿದಾಗ ನನಗೆ ಹೊಳೆದದ್ದು ಬೇರೆಯೇ ಸಂಗತಿ. 2003ರಲ್ಲಿ ಸಿಂಹ ಏನನ್ನು ತಿನ್ನುತ್ತಿದೆ ಎಂದು ಬರೆದಿಟ್ಟುಕೊಂಡವರಿಗೆ ಇರುವೆಯ ಕಲ್ಪನೆಯೂ ಇದ್ದಿರಲಾರದು. ಅಂದಿನ ಆ ದಾಖಲೆ ಇಲ್ಲದಿದ್ದರೆ ಇಂದಿನ ಹೋಲಿಕೆಯೂ ಇಲ್ಲ. ಮೂರು ವರ್ಷಕ್ಕೊಮ್ಮೆ ಬದಲಾಗುವ ದಾನಿಗಳ ಅನುದಾನದಿಂದ ಇಂಥ ಬೇಸರದ, ದೀರ್ಘಕಾಲದ ಲೆಕ್ಕ ಬರೆಯಿಸುವುದು ಕಷ್ಟ. ಉದ್ಘಾಟನೆ ಮಾಡಿ ಫೋಟೋ ತೆಗೆಸಿಕೊಳ್ಳಲು ಅದರಲ್ಲಿ ಏನೂ ಇಲ್ಲ.

ಘೇಂಡಾಮೃಗಗಳಿಗೆ ಹಿಂತಿರುಗೋಣ. ಪ್ರತಿ ಪ್ರಾಣಿಯ ಕಿವಿಯ ಅಂಚಿನಲ್ಲಿ ಕಚ್ಚುಗಳನ್ನು ಮಾಡಿ, ಅವುಗಳ ಜಾಗ ನೋಡಿಯೇ ಇದು ಇಂಥದ್ದು ಎಂದು ಕಾವಲುಗಾರರು ಗುರುತಿಸುತ್ತಾರೆ. ಕೆಲವು ದಿನ ಒಂದು ಕಣ್ಣಿಗೆ ಬೀಳದಿದ್ದರೆ ಹುಡುಕಾಟ ಆರಂಭವಾಗುತ್ತದೆ. ಈ ಕಾವಲಿನ ಫಲವಾಗಿ 2013ರಲ್ಲಿ ಓಲ್ ಪೆಜೆಟಾದ ಕಪ್ಪು ಘೇಂಡಾಮೃಗಗಳ ಸಂಖ್ಯೆ 100 ಮುಟ್ಟಿತು. ಗೆಲುವು ತನ್ನದೇ ತೊಂದರೆ ತರುತ್ತದೆ: ಜಾಗಕ್ಕೆ ಮೀರಿ ಹೆಚ್ಚಿದರೆ ಗಂಡುಗಳು ಕಾದಾಡಿ ಸಾಯುತ್ತವೆ, ಹೆಣ್ಣುಗಳು ಮರಿ ಹಾಕುವುದು ನಿಧಾನವಾಗುತ್ತದೆ. ಕೆಲವನ್ನು ಬೇರೆಡೆಗೆ ಸಾಗಿಸಲೇಬೇಕು. 2018ರಲ್ಲಿ ನೈರೋಬಿ ಮತ್ತು ನಕುರು ಉದ್ಯಾನಗಳಿಂದ ತ್ಸಾವೋ ಈಸ್ಟ್‌ಗೆ ಒಯ್ದ 11 ಘೇಂಡಾಮೃಗಗಳೂ ಸತ್ತವು. ಹೊಸ ಜಾಗದ ನೀರಿನಲ್ಲಿದ್ದ ಉಪ್ಪಿನ ಅಂಶವೇ ಮುಖ್ಯ ಕಾರಣ. ಅದಾದ ಮೇಲೆ ಕೀನ್ಯಾದಲ್ಲಿ ಘೇಂಡಾಮೃಗ ಸಾಗಿಸುವುದು ಎಂದರೆ ಎಲ್ಲರಿಗೂ ಎದೆ ಡವಡವ. 2024ರಲ್ಲಿ ಓಲ್ ಪೆಜೆಟಾ, ಲೇವಾ ಮತ್ತು ನೈರೋಬಿಯಿಂದ 21 ಕಪ್ಪು ಘೇಂಡಾಮೃಗಗಳನ್ನು ಲೈಕಿಪಿಯಾದಲ್ಲಿಯೇ ಇರುವ ಲೊಯಿಸಾಬಾ ವನ್ಯಧಾಮಕ್ಕೆ ಸಾಗಿಸಿದರು.

ಲೋಕವೆಲ್ಲ ಓಲ್ ಪೆಜೆಟಾವನ್ನು ಬಲ್ಲದ್ದು ಮಾತ್ರ ಉತ್ತರದ ಬಿಳಿ ಘೇಂಡಾಮೃಗ ಎಂಬ, ಅಳಿವಿನ ಅಂಚಿಗೆ ಬಂದ ಉಪಜಾತಿಯಿಂದ. 2009ರ ಡಿಸೆಂಬರಿನಲ್ಲಿ ಝೆಕ್ ದೇಶದ ದ್ವೂರ್ ಕ್ರಾಲೋವೆ ಮೃಗಾಲಯದಿಂದ ಸುಡಾನ್, ಸುನಿ ಎಂಬ ಗಂಡುಗಳನ್ನೂ ನಾಜಿನ್, ಫಾತು ಎಂಬ ಹೆಣ್ಣುಗಳನ್ನೂ ಅಲ್ಲಿಗೆ ತಂದರು; ಆಫ್ರಿಕಾದ ನೆಲದಲ್ಲಿ ಅವು ಕೂಡಿ ಮರಿ ಹಾಕಬಹುದೆಂಬ ಆಸೆ. ಹಾಕಲಿಲ್ಲ. ಸುನಿ 2014ರಲ್ಲಿ ಸತ್ತ. ಕೊನೆಯ ಗಂಡಾದ ಸುಡಾನ್‌ಗೆ ಹಣ ಕೂಡಿಸಲು 2017ರಲ್ಲಿ ಟಿಂಡರ್ ಎಂಬ, ಜೋಡಿ ಹುಡುಕುವ ಮೊಬೈಲ್ ಆ್ಯಪ್‌ನಲ್ಲಿ ವರನೆಂದು ಜಾಹೀರಾತು ಕೊಟ್ಟದ್ದೂ ಉಂಟು. ಸಂರಕ್ಷಣೆಗೆ ಹಣ ಎತ್ತುವವರು ಏನೆಲ್ಲ ವೇಷ ಹಾಕಬೇಕು ನೋಡಿ. 2018ರ ಮಾರ್ಚ್ 19ರಂದು, 45ನೆಯ ವಯಸ್ಸಿನಲ್ಲಿ ಅವನೂ ಸತ್ತ. ಇಡೀ ಜಗತ್ತಿನಲ್ಲಿ ಈ ಉಪಜಾತಿಯಲ್ಲಿ ಉಳಿದದ್ದು ತಾಯಿ ನಾಜಿನ್, ಮಗಳು ಫಾತು. ಹಿಂಗಾಲು ಸೋತ ನಾಜಿನ್‌ಗೆ ಗರ್ಭ ಹೊರಲಾಗದು. ಫಾತುವಿನ ಗರ್ಭಕೋಶದಲ್ಲಿ ದೋಷವಿದೆ.

2019ರ ಆಗಸ್ಟಿನಿಂದ ವಿಜ್ಞಾನಿಗಳು ಫಾತುವಿನ ಅಂಡಾಣುಗಳನ್ನು ಹೊರತೆಗೆದು, ಇಟಲಿಯ ಕ್ರೆಮೋನಾದ ಪ್ರಯೋಗಾಲಯದಲ್ಲಿ, ಸತ್ತ ಗಂಡುಗಳಿಂದ ಶೇಖರಿಸಿಟ್ಟಿದ್ದ ವೀರ್ಯದೊಡನೆ ಸೇರಿಸಿ ಭ್ರೂಣಗಳನ್ನು ಮಾಡಿ, ಶೈತ್ಯದಲ್ಲಿ ಕಾಪಿಟ್ಟಿದ್ದಾರೆ. ಅವನ್ನು ಹೊರಬೇಕಾದದ್ದು ಹತ್ತಿರದ ಸಂಬಂಧಿಯಾದ ದಕ್ಷಿಣದ ಬಿಳಿ ಘೇಂಡಾಮೃಗದ ಹೆಣ್ಣುಗಳು.

ಸಭೆಯ ಕೊನೆಯಲ್ಲಿ ಹಿರಿಯರೊಬ್ಬರು ಎದ್ದುನಿಂತು, "ಎರಡು ಪ್ರಾಣಿಗಳಿಗಾಗಿ ಇಷ್ಟು ಖರ್ಚು ಮಾಡುವ ಬದಲು, ಅದೇ ಹಣದಲ್ಲಿ ಇನ್ನಷ್ಟು ನೆಲ ಕೊಂಡು ಉಳಿದ ಪ್ರಾಣಿಗಳನ್ನು ಕಾಪಾಡಬಹುದಿತ್ತಲ್ಲವೇ ಸ್ವಾಮಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಮಟ್ಟಿಗೆ, ಆ ಹಣ ನೆಲ ಕೊಳ್ಳಲು ಬರುತ್ತಿತ್ತು ಎಂಬ ನಂಬಿಕೆ ನನಗಿಲ್ಲ. ಫಾತುವನ್ನು ನೋಡಿ ಕೊಡುವವರು ಹುಲ್ಲನ್ನು ನೋಡಿ ಕೊಡುವುದಿಲ್ಲ. ಆದರೂ ಈ ಕೆಲಸ ಪ್ರಯೋಗಾಲಯದೊಳಗೆ ಮುಗಿಯುವಂಥದ್ದಲ್ಲ ಎಂದು ತೋರಿಸಲು ಅವರಿಗೆ ಕುರ‍್ರಾ ಎಂಬ ಹೆಣ್ಣು ಘೇಂಡಾಮೃಗದ ಕತೆ ಹೇಳಿದೆ. 2023ರ ಸೆಪ್ಟೆಂಬರಿನಲ್ಲಿ, ವಿಧಾನ ಸರಿಯಿದೆಯೇ ಎಂದು ಪರೀಕ್ಷಿಸಲು, ಅದರ ಗರ್ಭದಲ್ಲಿ ದಕ್ಷಿಣದ ಬಿಳಿ ಘೇಂಡಾಮೃಗದ ಭ್ರೂಣವನ್ನಿಟ್ಟರು. ಗರ್ಭ ನಿಂತಿತು, ಘೇಂಡಾಮೃಗಗಳಲ್ಲಿ ಇಂಥದ್ದು ಅದೇ ಮೊದಲು. ಆ ವರ್ಷ ಅಲ್ಲಿ ವಿಪರೀತ ಮಳೆ. ನೆರೆ ಬಂದು ಮಣ್ಣು ಕೊಚ್ಚಿಹೋದಾಗ, ನೆಲದೊಳಗೆ ಹುದುಗಿದ್ದ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಾಣುಗಳು ಮೇಲೆ ಬಂದವು. ನವೆಂಬರಿನಲ್ಲಿ ಕುರ‍್ರಾ ಸತ್ತುಬಿದ್ದಿತು. ಕೊಯ್ದು ನೋಡಿದಾಗ ಒಳಗೆ 70 ದಿನದ, 6.4 ಸೆಂಟಿಮೀಟರ್ ಉದ್ದದ ಗಂಡು ಪಿಂಡವಿತ್ತು. ವೈದ್ಯರು ಉಳಿದ ಘೇಂಡಾಮೃಗಗಳಿಗೆ ಲಸಿಕೆ ಹಾಕಿ, ಮುಂದಿನ ಹೆಣ್ಣನ್ನು ಆರಿಸುವ ಕೆಲಸಕ್ಕೆ ಹೊರಟರು.